ಇಂಪೆಲ್ಲರ್ ಹೊಸದು, ಆದರೂ ಉಪ್ಪುನೀರು ಪಂಪಿನಲ್ಲಿ ಎಳೆತವಿಲ್ಲ: ಏನೇನು ನೋಡಬೇಕು?

ಪ್ರಶ್ನೆ: ಮಲ್ಪೆಯ ಟ್ರಾಲ್ ಬೋಟು. ಎಂಜಿನ್ ತಂಪಾಗಿಸಲು ಸಮುದ್ರದ ನೀರು ಎಳೆಯುವ, ಬೆಲ್ಟಿನಲ್ಲಿ ಓಡುವ ಗನ್‌ಮೆಟಲ್ ಪಂಪು. ಹೊಸ ರಬ್ಬರ್ ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ಎಸಳಿನ ಚಕ್ರ) ಹಾಕಿಯಾಯಿತು. ಆದರೂ ಎಂಜಿನ್ ಸ್ಲೋ ಇದ್ದಾಗ ಬದಿಯ ಪೈಪಿನಲ್ಲಿ ನೀರು ಸಣ್ಣಗೆ ಬೀಳುತ್ತದೆ, ರೇಸ್ ಕೊಟ್ಟರೆ ಸ್ವಲ್ಪ ಪರವಾಗಿಲ್ಲ. ಪಂಪಿನ ಅಡಿಯ ಸಣ್ಣ ತೂತಿನಿಂದಲೂ ನೀರು ತೊಟ್ಟಿಕ್ಕುತ್ತಿದೆ. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿಯುವುದರೊಳಗೆ ಸರಿಮಾಡಬೇಕು. ತಿಳಿದವರು ಹೇಳಿ.

ಉತ್ತರ: ಇಂಪೆಲ್ಲರ್ ಬಿಟ್ಟು ಪಂಪಿನ ಮುಚ್ಚಳ ನೋಡಿ. ಸಮುದ್ರದ ನೀರು ಒಳಬರುವ ಕೆಳಗಿನ ವಾಲ್ವ್ ಮುಚ್ಚಿಕೊಂಡು ಮುಚ್ಚಳ ಬಿಚ್ಚಿ, ಒಳಮೈಯನ್ನು ಒರೆಸಿ ಅದರ ಮೇಲೆ ಉಗುರು ಎಳೆಯಿರಿ. ಎಸಳು ಉಜ್ಜಿದ ಜಾಗದಲ್ಲಿ ಉಂಗುರದಂತೆ ಗೀರು ಬಿದ್ದು ಉಗುರು ಸಿಕ್ಕಿಕೊಂಡರೆ, ಪಂಪಿನ ಶಕ್ತಿ ಅಲ್ಲೇ ಸೋರುತ್ತಿದೆ ಎಂದರ್ಥ. ಒತ್ತಡದ ಕಡೆಯ ನೀರು ಎಸಳಿನ ಅಂಚು ದಾಟಿ ಎಳೆಯುವ ಕಡೆಗೇ ವಾಪಸ್ ಹೋಗುತ್ತದೆ. ವೇಗ ಹೆಚ್ಚಾದಾಗ ಈ ಸೋರಿಕೆ ಗೊತ್ತಾಗುವುದಿಲ್ಲ, ಸ್ಲೋದಲ್ಲಿ ಗೊತ್ತಾಗುತ್ತದೆ. ನೀವು ಹೇಳಿದ ಲಕ್ಷಣ ಅದೇ.

ಗೀರು ಆಳವಿಲ್ಲದಿದ್ದರೆ ದಪ್ಪ ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ ಹಾಸಿ, ನೀರು ಬಿಟ್ಟು, ಮುಚ್ಚಳವನ್ನು ಎಂಟರ ಆಕಾರದಲ್ಲಿ ಉಜ್ಜಿ. ಹೊರಮೈ ಸಪಾಟಾಗಿದ್ದು ಅಕ್ಷರದ ಅಚ್ಚು ಇಲ್ಲದಿದ್ದರೆ ತಿರುಗಿಸಿ ಹಾಕಿದರೂ ನಡೆಯುತ್ತದೆ. ಹಿಂಬದಿಯಲ್ಲಿ ಬೇರೆ ತಗಡಿನ ಬಿಲ್ಲೆ ಇದ್ದರೆ ಅದನ್ನೂ ಪರೀಕ್ಷಿಸಿ. ಎಸಳು ಬಾಗುವಲ್ಲಿರುವ ಕ್ಯಾಮ್ ತುಂಡು ಸವೆದಿದ್ದರೂ ಎಳೆತ ಬೀಳುತ್ತದೆ.

ಮುಚ್ಚಳದ ಅಡಿಗೆ ಹಾಕುವ ಪ್ಯಾಕಿಂಗ್ ವಿಷಯದಲ್ಲಿ ದಯವಿಟ್ಟು ಅಂದಾಜು ಬೇಡ. ಇಂಥ ಪಂಪುಗಳಿಗೆ ಸಾಮಾನ್ಯವಾಗಿ ಬರುವುದು ಕಾಲು ಮಿಲಿಮೀಟರಿನಷ್ಟು ತೆಳ್ಳಗಿನ ಕಾಗದ. ಶೀಟು ಕತ್ತರಿಸಿ 1 ಮಿ.ಮೀ. ಹಾಕಿದರೆ ಎಸಳಿಗೂ ಮುಚ್ಚಳಕ್ಕೂ ನಡುವೆ ಸಂದಿ ಉಳಿದು, ಹೊಸ ಮುಚ್ಚಳ ಹಾಕಿಯೂ ಪ್ರಯೋಜನವಿಲ್ಲ. ಪ್ಯಾಕಿಂಗ್ ಬಿಟ್ಟು ಬರೀ ಗಮ್ ಹಚ್ಚಿದರೆ ಎಸಳು ಬಿಗಿಯಾಗಿ ಉಜ್ಜಿ ಸುಡುತ್ತದೆ.

ಉತ್ತರ: ತೊಟ್ಟಿಕ್ಕುವ ತೂತನ್ನು ಯಾರಾದರೂ ಎಂ-ಸೀಲ್ ಹಾಕಿ ಮುಚ್ಚಲು ಹೇಳಿದರೆ ಕೇಳಬೇಡಿ. ಶಾಫ್ಟಿನಲ್ಲಿ ಎರಡು ಸೀಲ್ ಇರುತ್ತವೆ: ಒಂದು ನೀರು ತಡೆಯಲು, ಇನ್ನೊಂದು ಎಣ್ಣೆ ಅಥವಾ ಬೇರಿಂಗ್ ಕಡೆಗೆ. ನಡುವಿನ ತೂತು ಇರುವುದೇ ಸೋರಿದ್ದು ಹೊರಗೆ ಬಂದು ನಿಮಗೆ ತಿಳಿಯಲಿ ಎಂದು. ಉಪ್ಪುನೀರು ಬಂದರೆ ನೀರಿನ ಸೀಲ್ ಹೋಗಿದೆ, ಎಣ್ಣೆ ಬಂದರೆ ಆಚೆಯದು. ತೂತು ಮುಚ್ಚಿದರೆ ನಿಮ್ಮ ಪಂಪಿನಲ್ಲಿ ಬೇರಿಂಗ್ ತುಕ್ಕು ಹಿಡಿಯುತ್ತದೆ. ಗೇರಿನಿಂದ ಓಡುವ ಪಂಪಾದರೆ ಉಪ್ಪುನೀರು ಚೇಂಬರಿಗೇ ಇಳಿದು ಎಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದಂತಾಗುತ್ತದೆ.

ನೀರಿನ ಸೀಲ್ ಬದಲಿಸುವಾಗ ಎರಡು ಮಾತು. ಸ್ಪ್ರಿಂಗ್ ಇರುವ ಬದಿ ನೀರಿನ ಕಡೆಗಿರಬೇಕು. ಸ್ಪ್ರಿಂಗ್ ಸ್ಟೇನ್‌ಲೆಸ್ ಆಗಿರಬೇಕು. ಲಾರಿಗೆ ಹಾಕುವ ಸಾದಾ ಸೀಲಿನ ಸ್ಪ್ರಿಂಗ್ ಉಪ್ಪಿಗೆ ತುಕ್ಕು ಹಿಡಿದು ತುಂಡಾಗುತ್ತದೆ, ಅಳತೆ ಒಂದೇ ಆದರೂ. ಹಳೆ ಸೀಲಿನ ತುಟಿ ಶಾಫ್ಟಿನಲ್ಲಿ ಗೆರೆ ಕೊರೆದಿದ್ದರೆ ಹೊಸ ಸೀಲೂ ಕೆಲವೇ ದಿನದಲ್ಲಿ ಸೋರುತ್ತದೆ. ಆಗ ಶಾಫ್ಟ್ ಬದಲಿಸಿ, ಅಥವಾ ತೆಳು ಸ್ಲೀವ್ ಹಾಕಿಸಿ.

ಉತ್ತರ: ಗಾಳಿ ಎಳೆಯುತ್ತಿದೆಯೇ ಎಂದೂ ನೋಡಿ. ನೀರು ಸೋಸುವ ಜಾಲರಿಯ ಮುಚ್ಚಳದ ರಬ್ಬರ್ ರಿಂಗ್, ಹೋಸಿನ ಕ್ಲಾಂಪ್ ಪರೀಕ್ಷಿಸಿ. ಹೋಸು ಮೆತ್ತಗಾಗಿದ್ದರೆ ಎಳೆತಕ್ಕೆ ಒಳಗೇ ಚಪ್ಪಟೆಯಾಗುತ್ತದೆ, ತಂತಿ ಸುತ್ತಿದ್ದೇ ಬೇಕು. ಎರಡು ತಿಂಗಳು ನಿಂತ ಬೋಟಿನಲ್ಲಿ ನೀರು ಬರುವ ಬಾಯಿಗೆ ಚಿಪ್ಪು ಕಟ್ಟಿಕೊಂಡಿರುತ್ತದೆ, ಒಳಗೆ ಕಂಬಿ ಹಾಕಿ ಕೆರೆಯಿರಿ.

ಉತ್ತರ: ಹಳೆ ಇಂಪೆಲ್ಲರಿನಲ್ಲಿ ಎಸಳು ಮುರಿದಿತ್ತೇ ಎಂಬುದನ್ನು ನೀವು ಬರೆದಿಲ್ಲ. ಮುರಿದಿದ್ದರೆ ಎಷ್ಟು ತುಂಡು ಎಂದು ಎಣಿಸಿ, ಅಷ್ಟನ್ನೂ ಹುಡುಕಿ ತೆಗೆಯಲೇಬೇಕು. ಪಂಪಿನ ನಂತರದ ಮೊದಲ ಬೆಂಡಿನಲ್ಲೋ ಕೂಲರಿನ ಬಾಯಿಯಲ್ಲೋ ಸಿಕ್ಕಿರುತ್ತವೆ.

ಇಂಪೆಲ್ಲರ್ ಕೂರಿಸುವಾಗ ಗ್ರೀಸು, ಎಂಜಿನ್ ಆಯಿಲ್ ಬೇಡ, ರಬ್ಬರ್ ಉಬ್ಬುತ್ತದೆ. ಗ್ಲಿಸರಿನ್ ಅಥವಾ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಎಸಳುಗಳನ್ನು ಪಂಪ್ ತಿರುಗುವ ದಿಕ್ಕಿಗೆ ಎದುರಾಗಿ ಬಾಗಿಸಿ ಹಗ್ಗದಿಂದ ಕಟ್ಟಿ, ಒಳಗೆ ತಳ್ಳುತ್ತಾ ಹಗ್ಗ ಜಾರಿಸಿ. ಬೆಲ್ಟ್ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10 ಮಿ.ಮೀ. ತಗ್ಗಬೇಕು, ಅದಕ್ಕಿಂತ ಬಿಗಿದರೆ ಬೇರಿಂಗಿಗೆ ಹೊಡೆತ.

ಪ್ರಶ್ನೆ ಕೇಳಿದವರು: ಉಗುರು ಸಿಕ್ಕಿಕೊಂಡಿತು. ಪ್ಯಾಕಿಂಗ್ ಸುಮಾರು 1 ಮಿ.ಮೀ. ಇದೆ. ಎಸಳೊಂದು ಮುರಿದಿತ್ತು, ಕೂಲರಿನ ಬಾಯಿಯಲ್ಲೇ ಸಿಕ್ಕಿತು. ಜೋಡಿಸಿದ ಮೇಲೆ ಪರೀಕ್ಷೆ ಹೇಗೆ?

ಉತ್ತರ: ಮೊದಲು ವಾಲ್ವ್ ತೆರೆದಿದೆಯೇ ನೋಡಿ, ಆಮೇಲೆ ಸ್ಟಾರ್ಟ್. ಅರ್ಧ ನಿಮಿಷದೊಳಗೆ ನೀರು ಬಾರದಿದ್ದರೆ ಬಂದ್ ಮಾಡಿ. ರಬ್ಬರಿಗೆ ತೇವವೇ ಆಸರೆ, ಒಣಗಿ ಓಡಿದರೆ ಅಷ್ಟರಲ್ಲೇ ಸುಡುತ್ತದೆ. ಬಂದರೆ, ಸ್ಲೋದಲ್ಲಿ 10 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಎಂದು ನೋಡಿ ಎಂಜಿನ್ ರೂಮಿನ ಹಲಗೆಯ ಮೇಲೆ ಬರೆದಿಡಿ. ಮುಂದಿನ ತಿಂಗಳು ಅದೇ ಸ್ಪೀಡಿನಲ್ಲಿ ಇನ್ನೊಮ್ಮೆ. ಸಮಯ ಹೆಚ್ಚಾದರೆ ಬಿಸಿ ಏರುವ ಮೊದಲೇ ತಿಳಿಯುತ್ತದೆ. ಮುಂದಿನ ಜೂನ್ 1ಕ್ಕೆ ಬೋಟು ನಿಲ್ಲಿಸುವಾಗ ಇಂಪೆಲ್ಲರ್ ಹೊರತೆಗೆಯಿರಿ, ಎರಡು ತಿಂಗಳು ಬಾಗಿದಲ್ಲೇ ಇದ್ದ ಎಸಳು ಹಾಗೆಯೇ ನಿಂತುಬಿಡುತ್ತದೆ. ತೆಗೆದಿದ್ದೇವೆ ಎಂಬ ಚೀಟಿಯನ್ನು ಸ್ಟಾರ್ಟಿಂಗ್ ಕೀಲಿಗೇ ಕಟ್ಟಿ.