ವಾರ್ಡಿನಲ್ಲಿರುವ ಮಗುವಿಗೆ ಫ್ಲೂ ಲಸಿಕೆ: ಈಗಲೇನಾ, ಆಮೇಲಾ?

ಹರಿಹರದ ಅಪ್ಪ: ಮಗಳಿಗೆ 4 ವರ್ಷ. ನೆಫ್ರೋಟಿಕ್ ಸಿಂಡ್ರೋಮ್, ಅಂದರೆ ಕಿಡ್ನಿಯಿಂದ ಮೂತ್ರಕ್ಕೆ ಪ್ರೋಟೀನ್ ಸೋರುವ ಕಾಯಿಲೆ. ಮುಖ, ಕಾಲು ಊದಿಕೊಂಡು ದಾವಣಗೆರೆಯಲ್ಲಿ ಅಡ್ಮಿಟ್ ಮಾಡಿದ್ದೇವೆ. ಸ್ಟೀರಾಯ್ಡ್ ನಡೆಯುತ್ತಿದೆ. ಈಗ ಊತ ಇಳಿದಿದೆ, ಜ್ವರ ಇಲ್ಲ. ಡಿಸ್ಚಾರ್ಜ್‌ಗೆ ಮೊದಲು ಫ್ಲೂ ಲಸಿಕೆ ಹಾಕಿಬಿಡೋಣ ಅಂತಾರೆ ಡಾಕ್ಟರ್. ನಮ್ಮಮ್ಮ ಒಪ್ಪುತ್ತಿಲ್ಲ. ಹುಷಾರಿಲ್ಲದ ಕೂಸಿಗೆ ಇನ್ನೊಂದು ಸೂಜಿ ಯಾಕೆ ಅಂತ. ಯಾರಾದರೂ ಹಾಕಿಸಿದ್ದೀರಾ?

ಜಗಳೂರು ಬಸಣ್ಣ: ಅಮ್ಮ ಹೇಳುವುದೇ ಸರಿ. ಮೊದಲು ಮೈ ಗಟ್ಟಿಯಾಗಲಿ. ಅಷ್ಟು ಮುಖ್ಯವಾಗಿದ್ದರೆ ಸರ್ಕಾರವೇ ಅಂಗನವಾಡಿಯಲ್ಲಿ ಹಾಕುತ್ತಿರಲಿಲ್ವಾ? ಸುಮ್ನೆ ಬಿಲ್ ಏರಿಸುವ ದಾರಿ. ನನ್ನ ತಂಗಿ ಮಗನಿಗೆ ಹಾಕಿಸಿದ ವಾರವೇ ನೆಗಡಿ, ಜ್ವರ ಬಂತು.

ಮಕ್ಕಳ ವಾರ್ಡ್ ಸಿಸ್ಟರ್: ಬಸಣ್ಣನವರೇ, ಆ ಇಂಜೆಕ್ಷನ್‌ನಲ್ಲಿ ಜೀವಂತ ವೈರಸ್ ಇರಲ್ಲ. ಅದರಿಂದ ಫ್ಲೂ ಬರಲ್ಲ. ತೋಳು ನೋಯಬಹುದು, ಒಂದೆರಡು ದಿನ ಮೈ ಬೆಚ್ಚಗಾಗಬಹುದು. ರಕ್ಷಣೆ ಬರಲು ಸುಮಾರು 2 ವಾರ ಬೇಕು. ಅಷ್ಟರಲ್ಲಿ ಬೇರೆ ನೆಗಡಿ ಹಿಡಿದರೂ ಅಪವಾದ ಲಸಿಕೆಗೇ. ಮೂಗಿಗೆ ಬಿಡುವ ಜೀವಂತ ಲಸಿಕೆ ಬೇರೆ. ಜಾಸ್ತಿ ಸ್ಟೀರಾಯ್ಡ್ ತಗೊಂಡರೆ ರೋಗ ತಡೆಯುವ ಶಕ್ತಿ ಕುಗ್ಗುತ್ತೆ, ಅಂಥ ಮಕ್ಕಳಿಗೆ ಅದು ಬೇಡ.

ಮೈ ಗಟ್ಟಿಯಾಗಲಿ ಅಂತೀರಿ. ಈ ಕಾಯಿಲೆಯ ಮಕ್ಕಳಿಗೆ ಎಷ್ಟೋ ಸಲ ಒಂದು ನೆಗಡಿ ಸಾಕು. ಮತ್ತೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತೆ, ಮತ್ತೆ ಊತ, ಮತ್ತೆ ಸ್ಟೀರಾಯ್ಡ್ ಜಾಸ್ತಿ. ಗಟ್ಟಿಯಾಗಲು ಬಿಡುವು ಎಲ್ಲಿ? ಮಕ್ಕಳ ಡಾಕ್ಟರ್‌ಗಳ ಸಂಘ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 6 ತಿಂಗಳಿಂದ 5 ವರ್ಷದ ಎಲ್ಲ ಮಕ್ಕಳಿಗೂ ವರ್ಷಕ್ಕೊಮ್ಮೆ ಹಾಕಿಸಿ ಅನ್ನುತ್ತೆ. ಇಂಥ ಕಾಯಿಲೆ ಇದ್ದರೆ 5 ದಾಟಿದ ಮೇಲೂ.

ಚಳ್ಳಕೆರೆ ಅಮ್ಮ: ನನ್ನ ಮಗ ಕಿಮೋದಲ್ಲಿದ್ದಾಗ ಹಾಕಿಸಿದ್ದೆವು. ಅವನಲ್ಲಿ ಅದು ಪೂರ್ತಿ ಕೆಲಸ ಮಾಡದೇ ಇರಬಹುದು ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಅದಕ್ಕೇ ಮನೆಯವರೆಲ್ಲ ಹಾಕಿಸಿಕೊಂಡೆವು. ಕೈಕೂಸು ಬಿಟ್ಟು. 6 ತಿಂಗಳೊಳಗೆ ಹಾಕಲ್ಲ. ಆಮೇಲೆ, ಸೇಬು ಹಿಡಿದು ವಾರ್ಡಿಗೆ ಸಾಲಾಗಿ ಬರುವ ನೆಂಟರನ್ನು ತಡೆಯಿರಿ. ಕೆಮ್ಮುತ್ತಲೇ ಮಗುವಿನ ಕೆನ್ನೆ ಹಿಂಡುತ್ತಾರೆ!

ಜಗಳೂರು ಬಸಣ್ಣ: ನೋಡಿ, ಪೂರ್ತಿ ಕೆಲಸ ಮಾಡಲ್ಲ ಅಂತ ನೀವೇ ಹೇಳಿದಿರಿ. ಹಾಗಾದರೆ ಸ್ಟೀರಾಯ್ಡ್ ಇಳಿದ ಮೇಲೆ ಹಾಕಿಸಿದರೆ ಒಳ್ಳೇದಲ್ವಾ?

ಮಕ್ಕಳ ವಾರ್ಡ್ ಸಿಸ್ಟರ್: ಈ ಪ್ರಶ್ನೆ ಸರಿ. ಮಳೆಗಾಲ ದೂರ ಇದ್ದಿದ್ದರೆ ಕಾಯಬಹುದಿತ್ತು. ನಮ್ಮ ಕಡೆ ಮಳೆ ಹಿಡಿದರೆ ಫ್ಲೂ ಕೂಡ ಏರುತ್ತೆ. 9 ವರ್ಷದೊಳಗೆ ಮೊದಲ ಸಲವಾದರೆ 4 ವಾರ ಬಿಟ್ಟು ಎರಡನೇ ಡೋಸ್ ಬೇರೆ ಬೇಕು. ಆಮೇಲೆ ಬರುತ್ತೇವೆ ಅಂದವರು ಎಷ್ಟೋ ಜನ ಬರಲ್ಲ. ಕೂಲಿ ಬಿಟ್ಟು, ಬಸ್ ಹತ್ತಿ ಬರುವುದು ಸುಲಭನಾ? ಜೋರು ಜ್ವರ ಇದ್ದರೆ, ಐಸಿಯುನಲ್ಲಿ ಉಸಿರಿಗೆ ಒದ್ದಾಡುತ್ತಿದ್ದರೆ ನಾವೇ ತಡೆಯುತ್ತೇವೆ. ಈ ಮಗು ಚೇತರಿಸಿಕೊಂಡಿದೆ.

ಜಗಳೂರು ಬಸಣ್ಣ: ಆಯ್ತು. ದುಡ್ಡಿನ ಮಾತು ಮಾತ್ರ ಬಿಡಲ್ಲ. ಎರಡೆರಡು ಡೋಸ್, ಮನೆಮಂದಿಗೆಲ್ಲ ಬೇರೆ. ಕೂಲಿಯವನು ಎಲ್ಲಿಂದ ತರಬೇಕು?

ಚಳ್ಳಕೆರೆ ಅಮ್ಮ: ಅದು ನಿಜ. ಇಂಥ ಮಕ್ಕಳಿಗಾದರೂ ಸರ್ಕಾರ ಪುಕ್ಕಟೆ ಕೊಡಬೇಕು. ನಾವು ಸಾಲ ಮಾಡಿದ್ದೆವು.

ಹರಿಹರದ ಅಪ್ಪ: ನಾಳೆ ಹಾಕಿಸುತ್ತೇನೆ. ಎರಡನೇ ಡೋಸ್ ಹರಿಹರದಲ್ಲೇ ಸಿಗುತ್ತಾ ಕೇಳಬೇಕು. ಅಮ್ಮ, ನೀನೂ ಹಾಕಿಸ್ಕೋ ಅಂದೆ. ಫೋನ್ ಇಟ್ಟುಬಿಟ್ಟರು.