ನಿವಾಸಿಗಳ ಗುಂಪು: ಮನೆಗಳ ಹಿಂದಿರುವ ಡೇಟಾ ಸೆಂಟರಿನ (ಇಂಟರ್ನೆಟ್ ಸರ್ವರ್ ಕಂಪ್ಯೂಟರ್‌ಗಳ ಕಟ್ಟಡ) ಜನರೇಟರ್ ಸದ್ದು

ಮನೆ 14 (ಬೆಳಗಿನ ಜಾವ 3:40)
ಯಾರು ತಾನೇ ಮಲಗಿದ್ದೀರಿ? ಕರೆಂಟ್ ಹೋದಾಗಿನಿಂದ ಡೇಟಾ ಸೆಂಟರಿನ ಜನರೇಟರ್‌ಗಳೆಲ್ಲ ಒಟ್ಟಿಗೆ ಓಡುತ್ತಿವೆ. ಕಿಟಕಿ ಗಾಜು ನಡುಗುತ್ತಿದೆ. ಡೀಸೆಲ್ ಹೊಗೆ ಮಲಗುವ ಕೋಣೆಗೇ ಬಂದಿದೆ. ಅಮ್ಮನ ಉಸಿರಾಟದ ತೊಂದರೆ ನಿಮಗೆಲ್ಲ ಗೊತ್ತೇ ಇದೆ. ಸಾಕಾಗಿದೆ. ಇವತ್ತೇ ಏನಾದರೂ ಮಾಡಬೇಕು.

ಮನೆ 22
ನಮ್ಮದೂ ಅದೇ ಗತಿ ಅಕ್ಕ. ಮಗು ಈಗಷ್ಟೇ ಮಲಗಿತು. ಜನರೇಟರ್ ನಿಂತರೂ ಆ ಗುಂಯ್ ಸದ್ದು ಇದ್ದೇ ಇರುತ್ತದೆ. ಅದು ಚಾವಣಿ ಮೇಲಿನ ಕೂಲಿಂಗ್ ಫ್ಯಾನ್‌ಗಳದ್ದು.

ಮನೆ 3
ನಾನು ಅವತ್ತೇ ಬಡಕೊಂಡೆ. ಆಕ್ಷೇಪಣೆ ಕೊಡಲು ಸಮಯ ಇದ್ದಾಗ ಹಳೇ ಕಮಿಟಿ ಏನು ಮಾಡುತ್ತಿತ್ತು?

ಮನೆ 9
ಸರ್, ಆ ಕಮಿಟಿಯಲ್ಲಿ ನಾನೂ ಇದ್ದೆ. ನೋಟಿಸಿನಲ್ಲಿ ‘ಐಟಿ ಕಟ್ಟಡ’ ಅಂತ ಮಾತ್ರ ಇತ್ತು. ಸಭೆಗೆ ಕರೆದಾಗ ನೀವು ಬರಲಿಲ್ಲ.

ಮನೆ 3
ನನ್ನ ವಿಷಯ ಬಿಡಿ. ಅಭ್ಯಂತರವಿಲ್ಲ ಅಂತ ಸಹಿ ಹಾಕಿದವರು ಯಾರು? ಅದನ್ನು ಹೇಳಿ.

ಮನೆ 17
ಜಗಳ ಆಮೇಲೆ. ಮೊದಲು ಸದ್ದನ್ನು ಸರಿಯಾಗಿ ಅಳೆಸಬೇಕು. ಸಾಮಾನ್ಯವಾಗಿ ಡೆಸಿಬಲ್ ‘ಎ’ ಮಾಪನದಲ್ಲಿ ಅಳೆಯುತ್ತಾರೆ. ಅದರಲ್ಲಿ ಈ ತಗ್ಗು ಸ್ಥಾಯಿಯ ಗುಂಯ್ ಸದ್ದು ಕಡಿಮೆಯಾಗಿ ಕಾಣುತ್ತದೆ. ಗೋಡೆ ದಾಟಿ ಒಳಗೆ ಬರುವುದು ಅದೇ. ಅದನ್ನೂ ಹಿಡಿಯುವ ‘ಸಿ’ ಮಾಪನದಲ್ಲೂ ಅಳೆಯಿರಿ, ರಾತ್ರಿಯೇ ಅಳೆಯಿರಿ ಅಂತ ಬರೆದು ಕೇಳೋಣ.
ಅಮೆರಿಕದ ಅರಿಜೋನಾದಲ್ಲಿ ಚಾಂಡ್ಲರ್ ಅಂತ ಊರಿದೆ. ಅಲ್ಲಿನ ನಿವಾಸಿಗಳು ಇದೇ ಸದ್ದಿಗೆ ವರ್ಷಗಟ್ಟಲೆ ದೂರು ಕೊಟ್ಟರು. 2022ರಲ್ಲಿ ನಗರಾಡಳಿತ ಡೇಟಾ ಸೆಂಟರ್‌ಗಳಿಗೆಂದೇ ನಿಯಮ ಮಾಡಿತು. ಕಟ್ಟುವ ಮೊದಲೇ ಸದ್ದಿನ ಅಧ್ಯಯನ ಆಗಬೇಕು. ಜನರೇಟರ್ ಪರೀಕ್ಷೆ ಹಗಲು ಹೊತ್ತಿನಲ್ಲೇ ನಡೆಯಬೇಕು. ಹಿಡಿದ ಪಟ್ಟು ಬಿಡದೆ ಇದ್ದುದಕ್ಕೆ ಆಯಿತು.

ಮನೆ 31
*ಬಂದದ್ದನ್ನು ಹಾಗೇ ಕಳುಹಿಸಿದ್ದೇನೆ* ಎಐಗೆ ಒಂದು ಪ್ರಶ್ನೆ ಕೇಳಿದರೆ ಒಂದು ಬಾಟಲಿ ನೀರು ಖಾಲಿ!! ಎಲ್ಲರಿಗೂ ತಿಳಿಸಿ 🙏🙏

ಮನೆ 17
ಅಂಕಲ್, ಅದು ಹಾಗಲ್ಲ. ಎಐ ಓಡುವುದು ಇಂಥ ಡೇಟಾ ಸೆಂಟರ್‌ಗಳಲ್ಲೇ, ಅವನ್ನು ತಂಪಾಗಿಡಲು ನೀರು ಬೇಕು, ನಿಜ. ಆದರೆ ಅಷ್ಟಲ್ಲ. 2023ರ ಒಂದು ಅಂದಾಜಿನಲ್ಲಿ 10ರಿಂದ 50 ಉತ್ತರಗಳಿಗೆ ಅರ್ಧ ಲೀಟರ್ ಅಂತ ಇತ್ತು. ತಪ್ಪು ಲೆಕ್ಕ ಇಟ್ಟುಕೊಂಡು ಹೋದರೆ ನಮ್ಮ ನಿಜವಾದ ದೂರನ್ನೂ ಯಾರೂ ನಂಬುವುದಿಲ್ಲ.

ಮನೆ 26
ಗುಂಪಿನಲ್ಲಿ ಗುಡ್ ಮಾರ್ನಿಂಗ್ ಚಿತ್ರ ನಿಲ್ಲಿಸಿದರೆ ಅರ್ಧ ಜನರೇಟರ್ ಆಫ್ ಆಗುತ್ತದೆ 😄

ಮನೆ 3
ನಗುವ ವಿಷಯ ಅಲ್ಲ. ಮೂರು ಹೊತ್ತೂ ವಿಡಿಯೋ ನೋಡುವ ಮಕ್ಕಳಿಂದಲೇ ಇದೆಲ್ಲ. ಯಾರ ಮನೆ ಮಕ್ಕಳು ಅಂತ ಹೇಳಬೇಕಾ?

ಮನೆ 14
ಮಕ್ಕಳನ್ನು ಯಾಕೆ ಎಳೆಯುತ್ತೀರಿ ಸರ್? ಹೊಗೆ ಕುಡಿಯುತ್ತಿರುವುದೂ ಅದೇ ಮಕ್ಕಳು.

ಮನೆ 17
ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಜಗತ್ತಿನ ವಿದ್ಯುತ್ತಿನಲ್ಲಿ ಸುಮಾರು ಶೇ. 1.5 ಡೇಟಾ ಸೆಂಟರ್‌ಗಳಿಗೆ ಹೋಯಿತು. 2030ರ ಹೊತ್ತಿಗೆ ಬಳಕೆ ದುಪ್ಪಟ್ಟಿಗಿಂತ ಜಾಸ್ತಿ ಆಗಬಹುದು ಅನ್ನುತ್ತಾರೆ. ಶೇ. 1.5 ಸಣ್ಣದು ಅನ್ನಿಸಬಹುದು. ಆದರೆ ಇವು ಒಂದೇ ಕಡೆ ಗುಂಪಾಗಿ ಬರುತ್ತವೆ. ಐರ್ಲೆಂಡಿನಲ್ಲಿ 2023ರಲ್ಲಿ ಮೀಟರ್ ಲೆಕ್ಕದ ವಿದ್ಯುತ್ತಿನಲ್ಲಿ ಶೇ. 21 ಇವಕ್ಕೇ ಹೋಗಿತ್ತು. ಒಂದು ಮನೆಯ ಫೋನ್ ಆಫ್ ಮಾಡಿದರೆ ಬಗೆಹರಿಯುವ ಮಾತಲ್ಲ.

ಮನೆ 22
ನೀರಿನ ಲೆಕ್ಕವನ್ನೂ ಪತ್ರದಲ್ಲಿ ಕೇಳೋಣ. ಅಮೆರಿಕದ ಒರೆಗಾನ್‌ನ ದಿ ಡಾಲ್ಸ್ ಊರಿನಲ್ಲಿ ಗೂಗಲ್ ಡೇಟಾ ಸೆಂಟರಿನ ನೀರಿನ ಲೆಕ್ಕ ಕೇಳಿದ ಪತ್ರಿಕೆಯ ಮೇಲೆ, ಅದನ್ನು ಕೊಡಬಾರದು ಅಂತ ನಗರಾಡಳಿತವೇ ಕೇಸು ಹಾಕಿತ್ತು. ಕೊನೆಗೆ 2022ರಲ್ಲಿ ಸತ್ಯ ಹೊರಬಂತು. ಊರಿನ ನೀರಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಗೂಗಲ್‌ಗೆ ಹೋಗುತ್ತಿತ್ತು. ಕೇಳದೆ ಯಾರೂ ಕೊಡುವುದಿಲ್ಲ ಅಲ್ವಾ?

ಮನೆ 14
ಸರಿ, ಪತ್ರ ನಾನೇ ಬರೆಯುತ್ತೇನೆ. ರಾತ್ರಿ ಸದ್ದಿನ ಅಳತೆ, ಹಗಲಲ್ಲೇ ಜನರೇಟರ್ ಪರೀಕ್ಷೆ, ಹೊಗೆ ಕೊಳವೆ ಎತ್ತರಿಸುವುದು, ತಿಂಗಳ ನೀರಿನ ಲೆಕ್ಕ. ಸಂಜೆ ಎಲ್ಲರೂ ಸಹಿ ಹಾಕಿ.

ಮನೆ 3
ಹಳೇ ಕಮಿಟಿಯ ತಪ್ಪಿನ ಬಗ್ಗೆಯೂ ಒಂದು ಪ್ಯಾರಾ ಇರಲೇಬೇಕು. ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ.

ಮನೆ 9
ಇದ್ದರೆ ನಾನು ಹಾಕುವುದಿಲ್ಲ.

ಮನೆ 31
ಡೀಸೆಲ್ ಟ್ಯಾಂಕರನ್ನು 2ನೇ ಅಡ್ಡರಸ್ತೆಯಲ್ಲೇ ನಿಲ್ಲಿಸುತ್ತಾರೆ. ಅದನ್ನೂ ಸೇರಿಸಿ.

ಮನೆ 26
ಟ್ಯಾಂಕರ್ ಒಂದೇನಾ? 2ನೇ ಅಡ್ಡರಸ್ತೆಯಲ್ಲಿ ನಮ್ಮವರದೇ ಕಾರುಗಳು ಎರಡೂ ಬದಿ ನಿಂತಿರುತ್ತವೆ. ಆಂಬುಲೆನ್ಸ್ ಬಂದರೆ ದಾರಿ ಎಲ್ಲಿದೆ?

ಮನೆ 3
ಒಂದು ಮನೆಗೆ ಒಂದೇ ಕಾರು ಅಂತ ಸ್ಟಿಕ್ಕರ್ ಮಾಡಿಸಿ.

ಮನೆ 9
ಇದಕ್ಕೆ ನನ್ನ ಒಪ್ಪಿಗೆ ಇದೆ. ಭಾನುವಾರ ಸಭೆ ಕರೆಯೋಣ.

ಮನೆ 14
ಪತ್ರದ ಕರಡು ಮೇಲೆ ಹಾಕಿದ್ದೇನೆ. ಯಾರಾದರೂ ಓದಿದಿರಾ?

ಮನೆ 26
ಎರಡು ಕಾರು ಇರುವವರು ಏನು ಮಾಡಬೇಕು?