ಸಹಾಯ ಬೇಕು: ಗಾಡಿ ಓಡಿಸುವಾಗ ವಾರ್ಡಿನಿಂದ ಬರುವ ಕರೆಗಳು

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ರಾತ್ರಿ ಪಾಳಿ ಮುಗಿಸಿ ಸ್ಕೂಟರಿನಲ್ಲಿ ಕೆಂಗೇರಿಗೆ ಹೊರಟರೆ ನಾಯಂಡಹಳ್ಳಿ ದಾಟುವಷ್ಟರಲ್ಲಿ ವಾರ್ಡಿನಿಂದ ಎರಡು ಮೂರು ಕರೆ ಬಂದಿರುತ್ತವೆ.

ಮೊನ್ನೆ ಮೊಬೈಲನ್ನು ಹೆಲ್ಮೆಟ್ಟಿನೊಳಗೆ ಸಿಕ್ಕಿಸಿಕೊಂಡು, "ಏಳನೇ ಬೆಡ್‌ಗೆ ಇನ್ಸುಲಿನ್ ಎಷ್ಟು ಕೊಟ್ಟಿರಿ ಸಿಸ್ಟರ್?" ಎಂಬ ಪ್ರಶ್ನೆಗೆ ನೆನಪು ಕೆದಕುತ್ತಿದ್ದೆ. ಮುಂದಿದ್ದ ಬಸ್ ನಿಂತದ್ದು ಕಾಣಲೇ ಇಲ್ಲ. ಬ್ರೇಕ್ ಹಿಡಿದಾಗ ಬಸ್ಸಿಗೂ ನನ್ನ ಚಕ್ರಕ್ಕೂ ನಡುವೆ ಉಳಿದದ್ದು ಒಂದು ಗೇಣು. ಮನೆ ತಲುಪಿದರೂ ಕೈ ನಡುಕ ನಿಲ್ಲಲಿಲ್ಲ.

ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 11 ಮೀಟರ್. ಇಯರ್‌ಫೋನ್ ಹಾಕಿದರೂ ಮನಸ್ಸು ವಾರ್ಡಿನಲ್ಲೇ ಇರುತ್ತದೆ. ಅವಸರದಲ್ಲಿ ಹೇಳಿದ ಡೋಸ್ ತಪ್ಪಾದರೆ ರೋಗಿಯ ಜೀವಕ್ಕೂ ಕುತ್ತು. ಕೇಸ್ ಶೀಟಿನಲ್ಲಿ ಎಲ್ಲವನ್ನೂ ಬರೆದೇ ಬಂದಿರುತ್ತೇನೆ, ಆದರೂ ಕರೆ! ಎತ್ತದಿದ್ದರೆ ಮರುದಿನ ಬೈಗುಳ.

ಮೊಬೈಲ್ ಕೈಯಲ್ಲಿ ಹಿಡಿದು ಗಾಡಿ ಓಡಿಸುವುದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಅಪರಾಧ. ಇದನ್ನು ಮುಂದಿಟ್ಟು ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಪತ್ರ ಬರೆಯಬೇಕೆಂದಿದ್ದೇನೆ. ಪಾಳಿ ಬಿಟ್ಟ ಮೊದಲ ಒಂದು ಗಂಟೆ ಕರೆ ಮಾಡಬಾರದೆಂಬ ನಿಯಮ ನಿಮ್ಮಲ್ಲಿ ಎಲ್ಲಿಯಾದರೂ ಇದೆಯೇ? ಇಂತಹ ಪತ್ರ ಬರೆದವರಿದ್ದರೆ ದಯವಿಟ್ಟು ನಮೂನೆ ಕೊಡಿ. ನಾಳೆಯೂ ರಾತ್ರಿ ಪಾಳಿಯಿದೆ.